ಕಡತ ಲಭ್ಯವಿರುವುದಿಲ್ಲ

ಅನಸೂಯಮ್ಮನ ಕಾಲು ಉಳುಕಿದ್ದು ಸೋಮವಾರವಾದರೂ ಆ ಉಳುಕು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದು ಗೋವಿಂದಯ್ಯನಿಗೆ ಹೊಳೆದದ್ದು ಗುರುವಾರ ಬೆಳಿಗ್ಗೆ, ಅವಳು ಮಂಚದ ಮೇಲೆ ಕಾಲು ಚಾಚಿ ಕೂತು, ನಸೀಮ್ ಬಾನು ಅಂಗಡಿಗೆ ಹೋಗಿ ನನ್ನ ರವಿಕೆ ತಂದುಬಿಡಿ ಎಂದಾಗ. ಮಧ್ಯಾಹ್ನ ಒಂದೂವರೆಯ ಬಸ್ಸಿಗೆ ತುರುವೇಕೆರೆಗೆ ಹೊರಡಬೇಕಿತ್ತು. ಅವಳ ತಂಗಿ ಹೊಸ ಮನೆ ಕಟ್ಟಿಸಿದ್ದಳು, ಮರುದಿನ ಗೃಹಪ್ರವೇಶ. ರವಿಕೆ ಹೊಲಿದಾಗಿದೆ, ಹುಕ್ಕು ಹಾಕುವುದೊಂದೇ ಬಾಕಿ ಎಂದು ನಸೀಮ್ ಫೋನಿನಲ್ಲಿ ಹೇಳಿದ್ದಳಂತೆ. ಬೇರೆ ರವಿಕೆ ಹಾಕಿಕೊಂಡರೆ ಆಗದೇ ಎಂದು ಕೇಳಲು ಬಾಯಿ ತೆರೆದ ಗೋವಿಂದಯ್ಯ ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಯಾವ ಪ್ರಶ್ನೆಯನ್ನು ಕೇಳಬಾರದು ಎಂಬುದಾದರೂ ತಿಳಿದಿರುತ್ತದೆ.

ಎಂಟು ವರ್ಷದಿಂದ ಅವನು ಆ ಅಂಗಡಿಯ ಮುಂದೆ ಹಾದಿರಲಿಲ್ಲ. ಸೂರಗಟ್ಟೆಯಂಥ ಊರಿನಲ್ಲಿ, ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಇರುವ ಅಂಗಡಿಯನ್ನು ಎಂಟು ವರ್ಷ ತಪ್ಪಿಸುವುದು ಸುಲಭದ ಕೆಲಸವಲ್ಲ. ಹಾಲಿನ ಡೈರಿಯ ಹಿಂದಿನ ಓಣಿ ಹಿಡಿದು, ಯಾರದೋ ತೆಂಗಿನ ತೋಟದ ಬದುವಿನ ಮೇಲೆ ನಡೆದು, ಪಂಪ್‌ಹೌಸಿನ ಬಳಿ ಟಾರು ರಸ್ತೆಗೆ ಹತ್ತಬೇಕು. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದು ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹಾಗೆ ಹೇಳಿ ಹೇಳಿ ಮದುವೆ ಮನೆಗಳಲ್ಲಿ ಬಡಿಸುವವರು ಅವನ ಎಲೆಗೆ ಹೋಳಿಗೆ ಹಾಕುವುದನ್ನು ನಿಲ್ಲಿಸಿದ್ದರು. ಹೋಳಿಗೆಯ ತಟ್ಟೆ ತನ್ನನ್ನು ಹಾರಿ ಪಕ್ಕದವನ ಎಲೆಗೆ ಹೋಗುವಾಗ ಗೋವಿಂದಯ್ಯ ಏನೂ ನಡೆಯದವನಂತೆ ಕೋಸಂಬರಿ ನೋಡುತ್ತ ಕೂರುತ್ತಿದ್ದ.

ನಸೀಮ್ ಬಾನು ಅವನಿಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ಎಂಟು ವರ್ಷದ ಕೆಳಗೆ, ಅವನು ಇದೇ ಊರಿನ ಪಂಚಾಯಿತಿ ಕಾರ್ಯದರ್ಶಿಯಾಗಿದ್ದಾಗ, ಒಂದು ಅರ್ಜಿ ಕೊಟ್ಟಿದ್ದಳು ಅಷ್ಟೇ. ನೀಲಿ ಇಂಕಿನಲ್ಲಿ, ಗೆರೆ ಎಳೆದ ನೋಟುಪುಸ್ತಕದ ಹಾಳೆಯಲ್ಲಿ, ನಾಲ್ಕೇ ಸಾಲು: ಕೆರೆಬೀದಿಯಲ್ಲಿ ಹೊಸದಾಗಿ ಕೊರೆದ ಬೋರ್‌ವೆಲ್ಲಿನ ನೀರನ್ನು ಪರೀಕ್ಷೆಗೆ ಕಳಿಸಿದ್ದಿರಿ, ಅದರ ವರದಿಯ ನಕಲು ಕೊಡಿ. ಕೈಬರಹ ಮುದ್ದಾಗಿತ್ತು. ಅಳತೆ ಬರೆದು ಬರೆದು ಬಂದ ಕೈ, ಅಂಕಿಗಳೆಲ್ಲ ದುಂಡಗೆ. ಅದನ್ನು ಓದಿದ ಕೂಡಲೇ ಗೋವಿಂದಯ್ಯ ಹಾಳೆಯನ್ನು ಮಗುಚಿಟ್ಟಿದ್ದ. ಯಾಕೆಂದರೆ ವರದಿ ಬಂದು ನಾಲ್ಕು ತಿಂಗಳಾಗಿತ್ತು. ಅದನ್ನು ಅವನು ಓದಿದ್ದ. ಫ್ಲೋರೈಡ್ ಎಷ್ಟಿರಬೇಕೋ ಅದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಕೆಳಗೆ, ಕುಡಿಯಲು ಯೋಗ್ಯವಲ್ಲ ಎಂದು ಕೆಂಪು ಮಸಿಯ ಮೊಹರು. ಆ ಬೋರ್‌ವೆಲ್ಲಿಗೆ ವರದಿ ಬಂದಾಗ ಆಗಷ್ಟೇ ಪೂಜೆಯಾಗಿತ್ತು. ಅಧ್ಯಕ್ಷ ಬಸವರಾಜಪ್ಪನವರ ಹೆಸರು ಕೆತ್ತಿದ ಕಲ್ಲಿನ ಸಿಮೆಂಟು ಇನ್ನೂ ಹಸಿಯಾಗಿತ್ತು. ಗೋವಿಂದಯ್ಯ ವರದಿಯನ್ನು ಅವರ ಮುಂದಿಟ್ಟಾಗ ಅವರು ಅದನ್ನು ಮುಚ್ಚಿಡಿ ಎಂದು ಹೇಳಲಿಲ್ಲ. ಇದನ್ನು ಅವನು ಎಷ್ಟೋ ಸಲ ನೆನಪಿಸಿಕೊಂಡಿದ್ದಾನೆ, ನೆನಪಿಸಿಕೊಂಡಷ್ಟೂ ಅದು ಅವನ ವಿರುದ್ಧವೇ ತಿರುಗುತ್ತದೆ. ಅವರು ಬರೀ ಕಲ್ಲಿನ ಕಡೆ ನೋಡಿ ಒಂದು ಉಸಿರು ಬಿಟ್ಟರು. ಮೂವತ್ತು ವರ್ಷದ ನೌಕರಿಯಲ್ಲಿ ದೊಡ್ಡವರ ಉಸಿರಿನ ಅರ್ಥ ತಿಳಿಯುವುದನ್ನೇ ಕಲಿತಿದ್ದ ಗೋವಿಂದಯ್ಯ ಆ ಸಂಜೆ ಕಡತವನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದು ಅಟ್ಟದ ಮೇಲಿಟ್ಟ. ಯಾರೂ ಹೇಳದೆ ಮಾಡಿದ ಕೆಲಸವನ್ನು ಯಾರ ತಲೆಗೂ ಕಟ್ಟಲಾಗುವುದಿಲ್ಲ.

ಅರ್ಜಿಗೆ ಅವನು ಬರೆದ ಉತ್ತರ ಹೀಗಿತ್ತು: ‘ಕಡತವನ್ನು ಪರಿಶೀಲಿಸಲಾಗಿ, ಸದರಿ ಕಡತವು ಕಚೇರಿಯಲ್ಲಿ ಲಭ್ಯವಿರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.’ ಅದರಲ್ಲಿ ಸುಳ್ಳು ಇಲ್ಲ ಎಂಬುದು ಅವನ ಸಮಾಧಾನ. ಕಚೇರಿಯಲ್ಲಿ ಇರಲಿಲ್ಲ, ನಿಜ. ವಿಷಾದವೂ ಇತ್ತು, ಅದೂ ನಿಜ. ಆಮೇಲೆ ನಸೀಮ್ ಮೇಲ್ಮನವಿ ಹಾಕಿದಳು, ಅಲ್ಲಿ ಆಗಲಿಲ್ಲವೆಂದು ಮಾಹಿತಿ ಆಯೋಗಕ್ಕೆ ಹೋದಳು. ಹುಡುಕಿ ಕೊಡಿ ಎಂದು ಆಯೋಗ ಆದೇಶ ಮಾಡಿತು. ಅಷ್ಟರಲ್ಲಿ ಗೋವಿಂದಯ್ಯ ನಿವೃತ್ತನಾಗಿದ್ದ. ಇಲ್ಲದ್ದನ್ನು ಎಲ್ಲಿಂದ ಕೊಡುವುದು ಎಂದು ಪಂಚಾಯಿತಿಯೇ ಹೈಕೋರ್ಟಿಗೆ ಹೋಯಿತು. ಹೀಗೆ ಒಂದು ನಕಲು ಕೇಳಿದ ತಪ್ಪಿಗೆ ಸೂರಗಟ್ಟೆಯ ಟೈಲರ್ ನಸೀಮ್ ಬಾನು ಹೈಕೋರ್ಟಿನಲ್ಲಿ ಎದುರುದಾರಳಾದಳು. ಕೆಲವರು ಅವಳ ಮೇಲೆ ಏನೋ ಕೇಸಾಗಿದೆ ಎಂದು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಅನಸೂಯಮ್ಮ ನಿಲ್ಲಿಸಲಿಲ್ಲ. ತೋಳಿನ ಕೆಳಗೆ ಹಿಡಿಯದ ಹಾಗೆ ಹೊಲಿಯುವವರು ಮೂರು ತಾಲ್ಲೂಕಿನಲ್ಲಿ ಅವಳೊಬ್ಬಳೇ, ಹೈಕೋರ್ಟಾದರೂ ಕಟ್ಟಿಕೊಳ್ಳಲಿ ಸುಪ್ರೀಂ ಕೋರ್ಟಾದರೂ ಕಟ್ಟಿಕೊಳ್ಳಲಿ ಎನ್ನುತ್ತಿದ್ದಳು. ಆ ಉತ್ತರದ ಕೆಳಗಿನ ಸಹಿ ಯಾರದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನಸೀಮಳಿಗೂ ನೆನಪಿರಲಾರದು ಎಂದು ಗೋವಿಂದಯ್ಯ ನಂಬಲು ಪ್ರಯತ್ನಿಸುತ್ತಿದ್ದ. ಸಹಿಯನ್ನು ಅವನು ಓದಲಾಗದಂತೆಯೇ ಹಾಕಿದ್ದ. ಆದರೆ ಕೆಳಗೆ ರಬ್ಬರ್ ಸ್ಟಾಂಪು ಸ್ಪಷ್ಟವಾಗಿ ಬಿದ್ದಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಚಿಕ್ಕಗಂಗಮ್ಮ ಕೂತಿದ್ದಳು. ಕೆರೆಬೀದಿಯವಳು, ಕೊಬ್ಬರಿ ಗೋದಾಮಿನಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ, ಇವತ್ತು ಯಾಕೋ ಹೋಗಿರಲಿಲ್ಲ. ಸೆಕ್ರೇಟ್ರಿ ಸ್ವಾಮಿ ಬಂದ್ರು ಎಂದು ಸರಿದು ದಾರಿ ಬಿಟ್ಟಳು. ಒಳಗೆ ನಸೀಮ್ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಬನ್ನಿ ಸಾರ್, ಕೂತ್ಕಳಿ, ಐದು ಹುಕ್ಕು ಬಾಕಿ ಐತೆ ಎಂದು ಸ್ಟೂಲು ತೋರಿಸಿದಳು. ನೇರಳೆ ಬಣ್ಣದ ರೇಷ್ಮೆ ರವಿಕೆ ಅವಳ ತೊಡೆಯ ಮೇಲಿತ್ತು. ಗೋವಿಂದಯ್ಯ ಅದನ್ನೇ ನೋಡುತ್ತ ಕೂತ. ಹೆಂಗಸರ ಟೈಲರ್ ಅಂಗಡಿಯಲ್ಲಿ ಗಂಡಸು ಕಣ್ಣು ಎಲ್ಲಿಡಬೇಕು ಎಂಬುದೇ ಕಷ್ಟ. ಗೋಡೆಯ ಮೇಲೆ ಕತ್ತಿನ ಡಿಸೈನುಗಳ ಚಿತ್ರಪಟ, ಹ್ಯಾಂಗರಿನಲ್ಲಿ ಲಂಗಗಳು, ಕೆಳಗೆ ಲೈನಿಂಗ್ ಬಟ್ಟೆಯ ಚೂರು. ಕೊನೆಗೆ ಅವನ ಕಣ್ಣು ಹೊಲಿಗೆ ಮೆಷಿನ್ನಿಗೆ ಒರಗಿಸಿಟ್ಟಿದ್ದ ಫೋನಿನ ಮೇಲೆ ನಿಂತಿತು. ಫೋನಿನಲ್ಲಿ ಕರಿಕೋಟು ಹಾಕಿದವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮೇಲೆ ಎತ್ತರದ ಕುರ್ಚಿಯಲ್ಲಿ ನ್ಯಾಯಾಧೀಶರು. ಸೀರಿಯಲ್ ಇರಬೇಕು ಎಂದುಕೊಂಡ. ಸೀರಿಯಲ್ಲಾದರೆ ಯಾರಾದರೂ ಅಳುತ್ತಿರಬೇಕಿತ್ತು.

ಇದು ನಮ್ಮ ಹೈಕೋರ್ಟು ಸಾರ್, ಈಗ ಕೇಸು ನಡೆಯೋದನ್ನ ಯಾರು ಬೇಕಾದ್ರೂ ಫೋನಲ್ಲೇ ನೋಡಬೌದು ಎಂದು ನಸೀಮ್ ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. ಈಗ ಮೂವತ್ತೆಂಟನೇ ನಂಬರು ನಡೀತಾ ಐತೆ, ನಮ್ಮದು ನಲವತ್ತೊಂದು.

ಗೋವಿಂದಯ್ಯ ಎದ್ದು, ಆಮೇಲೆ ಬರುತ್ತೇನೆ ಎಂದ. ಹುಕ್ಕು ಆಗೋಗುತ್ತೆ ಸಾರ್, ಅಮ್ಮೋರು ಬಸ್ಸಿಗೆ ಹೋಗಬೇಕಂತೆ ಎಂದಳು ನಸೀಮ್. ಅವನು ಮತ್ತೆ ಕೂತ. ರವಿಕೆಯಿಲ್ಲದೆ ಮನೆಗೆ ಹೋಗುವುದು, ರವಿಕೆಗಾಗಿ ಇಲ್ಲಿ ಕೂರುವುದು, ಎರಡನ್ನೂ ತೂಗಿ ನೋಡಿದ. ಹೈಕೋರ್ಟಿಗೆ ತಾನು ಕಾಣುವುದಿಲ್ಲ, ಅನಸೂಯಮ್ಮನಿಗೆ ಕಾಣುತ್ತೇನೆ. ಆದರೂ ಸ್ಟೂಲನ್ನು ಫೋನಿನ ನೇರದಿಂದ ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡ. ನಸೀಮಳ ಬೆರಳು ನಿಧಾನವಾಗಿ ಓಡುತ್ತಿತ್ತು. ಬೇಕೆಂದೇ ನಿಧಾನ ಮಾಡುತ್ತಿದ್ದಾಳೆಯೇ? ಒಂದು ಹುಕ್ಕಿಗೆ ಎಷ್ಟು ಸುತ್ತು ದಾರ ಬೇಕು? ಅವನು ಎಣಿಸಲು ತೊಡಗಿದ. ಇಂಥದೇ ಒಂದು ಬೆಳಿಗ್ಗೆ ಅವಳು ಅವನ ಮೇಜಿನ ಮುಂದೆ ನಿಂತಿದ್ದಳು, ಅವನು ಅವಳನ್ನು ಕೂರಲು ಹೇಳಿರಲಿಲ್ಲ. ಕುರ್ಚಿ ಖಾಲಿ ಇತ್ತು, ಅದರ ಮೇಲೆ ಅವನು ಆಗತಾನೆ ತನ್ನ ಛತ್ರಿ ಇಟ್ಟಿದ್ದ. ಅಂದು ಮಳೆಯ ಸುಳಿವೂ ಇರಲಿಲ್ಲ. ಹದಿನೈದು ದಿನ ಬಿಟ್ಟು ಬಾಮ್ಮ ಎಂದಿದ್ದ. ಹದಿನೈದನೇ ದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವಳು ಬಂದು ನಿಂತಿದ್ದನ್ನು ಕಂಡು ಅವನು ಹಿಂಬಾಗಿಲಿನಿಂದ ಒಳಗೆ ಹೋಗಿದ್ದ. ತನ್ನ ಕಚೇರಿಗೆ ತಾನೇ ಹಿಂಬಾಗಿಲಿನಿಂದ.

ನಲವತ್ತೊಂದು ಎಂದು ಯಾರೋ ಕೂಗಿದರು. ಚಿಕ್ಕಗಂಗಮ್ಮ ಮೆಟ್ಟಿಲಿನಿಂದ ಎದ್ದು ಒಳಗೆ ಬಂದು ಬಾಗಿಲಿಗೆ ಒರಗಿ ನಿಂತಳು. ಫೋನಿನ ಮೂಲೆಯಲ್ಲಿ ಚಿಕ್ಕದೊಂದು ಚೌಕದಲ್ಲಿ ತಿಪಟೂರಿನ ವಕೀಲೆ ಅನುಪಮಾ ಕಾಣಿಸಿಕೊಂಡಳು, ಅವಳು ನಸೀಮಳ ಪರ. ಪಂಚಾಯಿತಿಯ ವಕೀಲರು ಕೋರ್ಟಿನಲ್ಲೇ ನಿಂತಿದ್ದರು. ಕಡತವೇ ಇಲ್ಲ ಸ್ವಾಮಿ, ಇಲ್ಲದ ಮಾಹಿತಿಯನ್ನು ಕೊಡಿ ಎಂದರೆ ಹೇಗೆ ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದ್ದು ಗೋವಿಂದಯ್ಯನಿಗೆ ಅರ್ಥವಾಯಿತು. ಒಳ್ಳೆಯ ವಾದ ಎನ್ನಿಸಿ ಎದೆ ಸ್ವಲ್ಪ ಹಗುರವಾಯಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಒಂದು ಹಾಳೆಯನ್ನು ಹತ್ತಿರ ಹಿಡಿದರು. ಆಮೇಲೆ ಕನ್ನಡದಲ್ಲಿ, ನಿಧಾನವಾಗಿ, ಒಂದೊಂದೇ ಪದವನ್ನು ಬಿಡಿಸಿ ಓದಿದರು: ಕಡತವನ್ನು ಪರಿಶೀಲಿಸಲಾಗಿ, ಸದರಿ ಕಡತವು ಕಚೇರಿಯಲ್ಲಿ ಲಭ್ಯವಿರುವುದಿಲ್ಲ.

ತಾನು ಬರೆದ ವಾಕ್ಯವನ್ನು ಗೋವಿಂದಯ್ಯ ಈವರೆಗೆ ಇನ್ನೊಬ್ಬರ ಬಾಯಿಂದ ಕೇಳಿರಲಿಲ್ಲ. ಗಂಭೀರವಾಗಿ, ತೂಕವಾಗಿ ಕೇಳಿಸಿತು. ಒಂದು ಕ್ಷಣ ಹೆಮ್ಮೆಯೇ ಆಯಿತು. ಆಗ ನ್ಯಾಯಾಧೀಶರು ತಲೆಯೆತ್ತಿದರು.

“ವಕೀಲರೇ, ಕಡತವನ್ನ ಪರಿಶೀಲನೆ ಮಾಡಿ, ಕಡತ ಇಲ್ಲ ಅಂತ ಕಂಡುಹಿಡಿದಿದ್ದಾರೆ. ಇಲ್ಲದೆ ಇರೋದನ್ನ ಪರಿಶೀಲಿಸಿದ್ದು ಹೇಗೆ?”

ಕೋರ್ಟಿನಲ್ಲಿ ಯಾರೋ ನಕ್ಕರು. ಫೋನಿನೊಳಗಿನ ನಗೆ ಚಿಕ್ಕದಾಗಿ, ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂತೆ ಕೇಳಿಸಿತು. ಅನುಪಮಾ ತನ್ನ ಚೌಕದಿಂದ, ಇದನ್ನೇ ನಾವು ಎಂಟು ವರ್ಷದಿಂದ ಕೇಳುತ್ತಿದ್ದೇವೆ, ಜನ ಕುಡಿಯುವ ನೀರಿನಲ್ಲಿ ಏನಿದೆ ಎಂದು ತಿಳಿಯುವುದು ಜನರ ಹಕ್ಕು, ಕಡತ ಕಳೆದಿದೆ ಎಂದ ಮಾತ್ರಕ್ಕೆ ಆ ಹಕ್ಕೂ ಕಳೆದುಹೋಗುವುದಿಲ್ಲ ಎಂದಳು. ಪಂಚಾಯಿತಿಯ ವಕೀಲರು, ಅದು ಆ ಕಾರ್ಯದರ್ಶಿ ಬರೆದದ್ದು, ಅವರು ಈಗ ಇಲ್ಲ ಎಂದರು. ಇಲ್ಲ ಎಂದರೆ ತೀರಿಕೊಂಡಿದ್ದಾರೋ ಎಂದು ನ್ಯಾಯಾಧೀಶರು ಕೇಳಿದರು. ವಕೀಲರು ಹಾಳೆ ತಿರುವಿ, ನಿವೃತ್ತರಾಗಿದ್ದಾರೆ ಎಂದರು. ಆ ನಡುವಿನ ಎರಡು ಸೆಕೆಂಡು ಗೋವಿಂದಯ್ಯ ಸತ್ತಿದ್ದ, ಮತ್ತು ಆ ಸ್ಥಿತಿಯಲ್ಲಿ ಅವನಿಗೆ ತುಂಬ ನೆಮ್ಮದಿಯಿತ್ತು.

“ಗೋವಿಂದಯ್ಯ ಅಂತ ಹೆಸರಿದೆ. ಈ ಗೋವಿಂದಯ್ಯ ಎಲ್ಲಿದ್ದಾರೆ?”

ಗೋವಿಂದಯ್ಯ ಎದ್ದು ನಿಂತ. ನಿಲ್ಲಬೇಕೆಂದುಕೊಂಡು ನಿಂತದ್ದಲ್ಲ. ಕಾಲುಗಳೇ ಎದ್ದವು. ಕೈಗಳು ತಾವಾಗಿ ಜೋಡಿಸಿಕೊಂಡವು. ಲಂಗಗಳ ಕೆಳಗೆ, ಕತ್ತಿನ ಡಿಸೈನುಗಳ ಪಟದ ಪಕ್ಕದಲ್ಲಿ, ಐದಿಂಚಿನ ಫೋನಿಗೆ ಕೈಮುಗಿದು, ಸ್ವಲ್ಪ ಬಾಗಿ, ಹಾಜರಿದ್ದೇನೆ ಸ್ವಾಮಿ ಎನ್ನುವವನಂತೆ ನಿಂತುಬಿಟ್ಟ. ಚಿಕ್ಕಗಂಗಮ್ಮ ಒಮ್ಮೆ ಫೋನನ್ನೂ ಒಮ್ಮೆ ಅವನನ್ನೂ ನೋಡಿದಳು. ನಸೀಮ್ ತಲೆ ಎತ್ತಲಿಲ್ಲ. ಸೂಜಿ ಬಟ್ಟೆಯೊಳಗೆ ಹೋಗಿ ಹೊರಗೆ ಬಂತು.

“ಕೂತ್ಕಳಿ ಸಾರ್. ಅವ್ರಿಗೆ ನೀವು ಕಾಣಾಕಿಲ್ಲ.”

ಅವನು ಕೂತ. ಮುಖ ಬಿಸಿಯಾಗಿ ಕಿವಿ ಗುಂಯ್‌ಗುಡುತ್ತಿದ್ದುದರಿಂದ ಆದೇಶದ ಅರ್ಧ ಅವನಿಗೆ ಕೇಳಿಸಲಿಲ್ಲ. ಅಂದಿನ ಕಾರ್ಯದರ್ಶಿ ಗೋವಿಂದಯ್ಯ, ತಾನು ಎಲ್ಲಿ ಹುಡುಕಿದೆ, ಹೇಗೆ ಹುಡುಕಿದೆ, ಏನನ್ನು ಪರಿಶೀಲಿಸಿದೆ ಎಂದು ಎರಡು ವಾರದೊಳಗೆ ಪ್ರಮಾಣಪತ್ರ ಸಲ್ಲಿಸಬೇಕು ಎಂಬುದಷ್ಟು ತಿಳಿಯಿತು. ನಲವತ್ತೆರಡನೇ ನಂಬರು ಕೂಗಿದರು. ನಸೀಮ್ ಫೋನನ್ನು ಆರಿಸಿ, ಕೊನೆಯ ಹುಕ್ಕಿಗೆ ಗಂಟು ಹಾಕಿ, ರವಿಕೆಯನ್ನು ಮಡಿಸತೊಡಗಿದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ವರ್ಷಕ್ಕೆ ಆರು ರವಿಕೆ ಹೊಲಿದುಕೊಟ್ಟಿದ್ದಳು. ಅದನ್ನು ಯೋಚಿಸಿದಾಗ ಗೋವಿಂದಯ್ಯನಿಗೆ ಆದದ್ದು ನಾಚಿಕೆಯೋ ಸಿಟ್ಟೋ ಅವನಿಗೇ ಸ್ಪಷ್ಟವಾಗಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಸುಮ್ಮನಿರಲಾರದೆ, ನೀರಿನ ವರದಿ ಕೇಳಬೇಕೆಂದು ಆಗ ಅವಳಿಗೆ ಯಾಕೆ ಅನ್ನಿಸಿತು, ಯಾರು ಹೇಳಿಕೊಟ್ಟರು ಎಂದು ಕೇಳಿದ. ಬಸವರಾಜಪ್ಪನ ವಿರೋಧಿಗಳ ಹೆಸರು ಬರಬಹುದೆಂದು ಅವನ ಎಣಿಕೆ. ಬಂದರೆ ಇದೆಲ್ಲ ರಾಜಕೀಯ ಎಂದಾಗುತ್ತದೆ, ತಾನು ನಡುವೆ ಸಿಕ್ಕಿಬಿದ್ದ ಬಡ ನೌಕರ ಎಂದಾಗುತ್ತದೆ.

“ನೀವೇ ಸಾರ್,” ಎಂದಳು ನಸೀಮ್. “ಆ ಮಾರ್ಚ್ ತಿಂಗಳಿಂದ ನೀವು ಸ್ಕೂಟರಲ್ಲಿ ಎರಡು ಕ್ಯಾನು ಕಟ್ಕಂಡು ನೊಣವಿನಕೆರೆಯಿಂದ ನೀರು ತರಾಕೆ ಶುರು ಮಾಡಿದ್ರಿ. ಇದೇ ರಸ್ತೇಲೆ ಹೋಗ್ತಿದ್ರಿ. ಬೋರ್‌ವೆಲ್ಲಿಗೆ ಪೂಜೆ ಆಗಿ ತಿಂಗಳೂ ಆಗಿರಲಿಲ್ಲ. ನಮ್ಮನೆಯವರು ಮೋಟರ್ ಎತ್ತೋ ಕೆಲಸದವ್ರು, ಪೈಪಲ್ಲಿ ಬಿಳೀದು ಕಟ್ಕಂಡೈತೆ ಅಂತಿದ್ರು. ಸೆಕ್ರೇಟ್ರಿನೇ ಕುಡಿಯಲ್ಲ ಅಂದ್ಮೇಲೆ ಏನೋ ಐತೆ ಅಂತ ಅರ್ಜಿ ಬರದೆ.”

ವರದಿ ಓದಿದ ವಾರವೇ ಅವನು ಅಕ್ಕನ ಮನೆಯ ಬಾವಿಯಿಂದ ನೀರು ತರಲು ಶುರು ಮಾಡಿದ್ದ. ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಹೆಂಡತಿಗೆ ಹೇಳಿದ್ದ. ಕಡತವನ್ನು ಕೈಚೀಲದಲ್ಲಿ ಅಡಗಿಸಿ ತಂದವನು ಅದರೊಳಗಿದ್ದ ಮಾತನ್ನು ಎರಡು ಹಳದಿ ಕ್ಯಾನುಗಳಲ್ಲಿ ತುಂಬಿ ಬಸ್‌ಸ್ಟ್ಯಾಂಡಿನ ಮುಂದೆ ಅರ್ಜಿ ಬರುವವರೆಗೂ ವಾರಕ್ಕೆ ಮೂರು ದಿನ ಮೆರವಣಿಗೆ ಮಾಡಿದ್ದ. ಓದಲು ಬಂದವಳು ಊರಿಗೆಲ್ಲ ಒಬ್ಬಳೇ.

ಕಡತ ನನ್ನ ಹತ್ತಿರ ಇದೆ ಎಂದು ಅವನ ಬಾಯಿಂದ ಆಗಲೇ ಹೊರಟಿತು. ಬಹಳ ಸಣ್ಣ ದನಿಯಲ್ಲಿ. ಸಂಜೆ ತಂದುಕೊಡುತ್ತೇನೆ, ಯಾರಿಗೂ ಹೇಳುವುದು ಬೇಡ, ನಕಲು ತೆಗೆದುಕೊಂಡು ವಾಪಸು ಕೊಟ್ಟುಬಿಡು ಎಂದ. ತನ್ನ ದೊಡ್ಡತನಕ್ಕೆ ತನ್ನ ಕಣ್ಣೇ ಒದ್ದೆಯಾದಂತೆನಿಸಿತು. ನಸೀಮ್ ರವಿಕೆಯನ್ನು ಕವರಿಗೆ ಹಾಕುತ್ತಿದ್ದವಳು ನಿಲ್ಲಿಸಿ ಅವನನ್ನು ನೇರವಾಗಿ ನೋಡಿದಳು.

“ನನ್ ಕೈಗೆ ಬ್ಯಾಡಿ ಸಾರ್. ನೀವು ಕೊಟ್ರೆ ನೀವು ಪಾಪ ಅಂತ ಕೊಟ್ಟಂಗಾಯ್ತದೆ. ನಾನು ಅದನ್ನ ಕೇಳ್ಲಿಲ್ಲ. ಕೋರ್ಟಿಗೆ ಕೊಡಿ.”

ಇಲ್ಲೇ ಐತಾ ಎಂದು ಬಾಗಿಲಲ್ಲಿದ್ದ ಚಿಕ್ಕಗಂಗಮ್ಮ ಯಾರನ್ನೂ ಉದ್ದೇಶಿಸದೆ ಕೇಳಿದಳು. ಗೋವಿಂದಯ್ಯ ಕವರು ತೆಗೆದುಕೊಂಡು ಮೆಟ್ಟಿಲಿಳಿದ.

ತುರುವೇಕೆರೆಯ ಬಸ್ಸಿನಲ್ಲಿ ಅವನು ಹೆಂಡತಿಗೆ ಹೇಳಿದ. ಹೇಳಬೇಕಾಯಿತು, ಮುಂದಿನ ವಾರ ಹೈಕೋರ್ಟಿನ ನೋಟೀಸು ಮನೆ ಬಾಗಿಲಿಗೆ ಬರುವುದಿತ್ತು. ನೇರಳೆ ರವಿಕೆ ತೊಟ್ಟು, ಉಳುಕಿದ ಕಾಲನ್ನು ಎದುರಿನ ಸೀಟಿನ ಕೆಳಗೆ ಚಾಚಿ ಅವಳು ಕಿಟಕಿಯಿಂದಾಚೆ ತೆಂಗಿನ ತೋಟಗಳನ್ನೇ ನೋಡುತ್ತ ಕೇಳಿಸಿಕೊಂಡಳು. ವರದಿ, ಕೈಚೀಲ, ಅಟ್ಟ, ಉತ್ತರ, ಎಲ್ಲವನ್ನೂ. ತೀರಾ ಕೊನೆಗೆ ಕ್ಯಾನಿನ ವಿಷಯ ಹೇಳಿದ. ಬಸ್ಸು ಎರಡು ಊರು ದಾಟಿತು. ಮೋಸಗಾರ ಎನ್ನುತ್ತಾಳೆ, ಮಕ್ಕಳ ಹಲ್ಲು ನೋಡಲಿಲ್ಲವೇ ಎನ್ನುತ್ತಾಳೆ ಎಂದು ಅವನು ಕಾಯುತ್ತಿದ್ದ. ಆ ಹಲ್ಲುಗಳನ್ನು ಅವನು ನೋಡಿದ್ದ. ಧ್ವಜ ಹಾರಿಸುವ ದಿನ ಶಾಲೆಯಲ್ಲಿ ಸಿಹಿ ಹಂಚುವಾಗ ಕೆರೆಬೀದಿಯ ಮಕ್ಕಳು ನಕ್ಕರೆ ಕಂದು ಗೆರೆಗಳು ಕಾಣುತ್ತಿದ್ದವು; ಅವನು ಸಿಹಿಯ ಬುಟ್ಟಿಯನ್ನೇ ನೋಡುತ್ತ ಹಂಚಿ ಮುಗಿಸುತ್ತಿದ್ದ.

“ಅಂಗಾದ್ರೆ ಬೇಳೆ?” ಎಂದಳು ಅನಸೂಯಮ್ಮ.

ಅವನಿಗೆ ಅರ್ಥವಾಗಲಿಲ್ಲ.

“ಎಂಟು ವರ್ಷ ನಾನು ಕೆರೆಬೀದಿಯವ್ರ ಮುಂದೆಲ್ಲ, ನಮ್ಮನೆ ನೀರಲ್ಲಿ ಬೇಳೆ ಬೆಣ್ಣೆ ಹಂಗೆ ಬೇಯ್ತದೆ ಅಂತ ಹೇಳ್ಕಂಡು ತಿರುಗಿದೀನಲ್ರೀ. ಅವ್ರು ಏನನ್ಕಂಡಿದ್ದಾರು.”

ಆಮೇಲೆ ಗೃಹಪ್ರವೇಶದ ಎರಡು ದಿನವೂ ಅವಳು ಅವನೊಡನೆ ಮಾತಾಡಲಿಲ್ಲ. ಆದರೆ ಪಂಕ್ತಿಯಲ್ಲಿ ಬಡಿಸುವವನು ಅವನ ಎಲೆ ಹಾರಿಸಿ ಮುಂದೆ ಹೋದಾಗ ಅವನನ್ನು ಕೂಗಿ ಕರೆದು, ಇವರಿಗೆ ಸಕ್ಕರೆ ಕಾಯಿಲೆ ಗಿಯಿಲೆ ಏನೂ ಇಲ್ಲ, ಹಾಕಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಗೋವಿಂದಯ್ಯ ತಲೆ ತಗ್ಗಿಸಿ ಮೂರು ಹೋಳಿಗೆ ತಿಂದ. ರುಚಿ ಎಂಟು ವರ್ಷದ ಹಿಂದಿನದೇ ಇತ್ತು. ಅಂಥ ಹೊತ್ತಿನಲ್ಲೂ ರುಚಿ ತಿಳಿಯಿತಲ್ಲ ಎಂದು ಅವನಿಗೆ ಬೇಸರವಾಯಿತು.

ಊರಿಗೆ ಮರಳಿದ ಮೇಲೆ ಬಸವರಾಜಪ್ಪನವರಿಗೆ ಫೋನು ಮಾಡಿದ. ಅವರು ಈಗ ಅಧ್ಯಕ್ಷರಲ್ಲ, ಮೊಮ್ಮಗಳನ್ನು ಎತ್ತಿಕೊಂಡು ಮಾತಾಡುತ್ತಿದ್ದರು. ನಾನು ಮುಚ್ಚಿಡಿ ಅಂತ ಯಾವತ್ತು ಹೇಳಿದ್ದೆ ಗೋವಿಂದಯ್ನೋರೇ ಎಂದು ಕೇಳಿದರು. ಹೇಳಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಮತ್ತೆ ಅವರು ಒಂದು ಉಸಿರು ಬಿಟ್ಟರು. ಈ ಸಲ ಅದಕ್ಕೆ ಏನರ್ಥವೆಂದು ಹುಡುಕುವ ಮೊದಲೇ ಗೋವಿಂದಯ್ಯ ಫೋನು ಇಟ್ಟ.

ಪಂಚಾಯಿತಿಯ ವಕೀಲರ ಕಡೆಯಿಂದ ಸಿದ್ಧ ಮಾಡಿದ ಪ್ರಮಾಣಪತ್ರವೊಂದು ಅವನ ವಾಟ್ಸಾಪಿಗೆ ಬಂತು, ಸಹಿಯೊಂದು ಹಾಕಿ ಕಳಿಸಿದರೆ ಸಾಕು. ಓದಿದ. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ತಾನೇ ಬರೆದಂತಿತ್ತು. ಶೋಧಿಸಲಾಗಿ ಕಂಡುಬಂದಿರುವುದಿಲ್ಲ, ಹಸ್ತಾಂತರದ ಕಾಲಕ್ಕೆ ದೊರೆತಿರುವುದಿಲ್ಲ, ಇದರಲ್ಲಿ ದುರುದ್ದೇಶವಿರುವುದಿಲ್ಲ. ಎಲ್ಲೂ ಯಾರೂ ಏನೂ ಮಾಡಿರಲಿಲ್ಲ. ಎಲ್ಲ ತಾನಾಗಿ ಆಗಿತ್ತು. ಆ ವಾಕ್ಯಗಳ ನೆರಳಿನಲ್ಲಿ ಕಾಲು ಚಾಚಿ ಮಲಗಿಬಿಡಬಹುದಿತ್ತು. ಮೂರು ದಿನ ಫೋನು ತೆಗೆದು ತೆಗೆದು ಓದಿದ. ನಾಲ್ಕನೆಯ ದಿನ ಅಟ್ಟ ಹತ್ತಿ, ಟ್ರಂಕಿನಲ್ಲಿ ನಿವೃತ್ತಿಯ ದಿನ ಹೊದಿಸಿದ್ದ ಶಾಲನ್ನು ಸರಿಸಿ, ಕಡತವನ್ನು ತೆಗೆದುಕೊಂಡು ತಿಪಟೂರಿನ ಬಸ್ಸು ಹತ್ತಿದ. ಅದೇ ಕೈಚೀಲ. ಬಸ್ಸಿನ ತುಂಬ ಎಲ್ಲರೂ ಅದನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪಕ್ಕದಲ್ಲಿ ಕೂತವನು ಮಾತ್ರ, ಬದನೆಕಾಯಾ ಎಂದು ಕೇಳಿದ.

ತಿಪಟೂರಿನ ಕೋರ್ಟಿನ ಎದುರು ಅಜ್ಮತ್ ಎನ್ನುವವನ ಟೈಪಿಂಗ್ ಅಂಗಡಿ. ಪ್ರಮಾಣಪತ್ರ ಎಂದ ಕೂಡಲೇ ಅವನ ಬೆರಳುಗಳು ಓಡತೊಡಗಿದವು. ಯಾವ ಇಲಾಖೆ ಸಾರ್, ಕಡತ ಸಿಕ್ಕಿಲ್ಲ ಅನ್ನೋದಾ, ಅದು ನಮ್ಮಲ್ಲಿ ರೆಡಿ ಐತೆ, ಹೆಸರು ಒಂದು ಬದಲಾಯಿಸಿದ್ರೆ ಆಯ್ತು ಎಂದ. ಗೋವಿಂದಯ್ಯ ಬೇಡ, ನಾನು ಹೇಳಿದಂತೆ ಹೊಡಿ ಎಂದು ಹೇಳಲು ತೊಡಗಿದ. ಹೇಳುವುದು ಕಷ್ಟವಾಯಿತು. ಸದರಿ ಕಡತವು ಮನೆಯಲ್ಲಿ ಇರಿಸಲ್ಪಟ್ಟಿದ್ದು ಎಂದು ಶುರು ಮಾಡಿದ. ಯಾರು ಇರಿಸಿದ್ದು ಅಂತ ಬರಲಿಲ್ಲವಲ್ಲ ಸಾರ್ ಎಂದ ಅಜ್ಮತ್. ಅವನಿಗೆ ಯಾವ ಉದ್ದೇಶವೂ ಇರಲಿಲ್ಲ, ವಾಕ್ಯದಲ್ಲಿ ಕರ್ತೃ ಬೇಕು ಅಷ್ಟೇ. ಸಾಲು ಅಳಿಸಿದರು, ಮತ್ತೆ ಹೊಡೆದರು. ಹಿಂದೆ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು, ಅವರೂ ಪರದೆಯನ್ನು ಓದುತ್ತಿದ್ದರು. ಒಂದು ಗಂಟೆಯಾದ ಮೇಲೆ ಹಾಳೆಯ ಮೇಲೆ ಐದು ಸಾಲು ಉಳಿಯಿತು. ಬೋರ್‌ವೆಲ್ಲಿನ ನೀರು ಕುಡಿಯಲು ಯೋಗ್ಯವಲ್ಲವೆಂದು ನನಗೆ ಗೊತ್ತಿತ್ತು. ಕಡತವನ್ನು ನಾನು ಮನೆಗೆ ಒಯ್ದೆ. ಹಾಗೆ ಮಾಡೆಂದು ಯಾರೂ ನನಗೆ ಹೇಳಿರಲಿಲ್ಲ. ಅರ್ಜಿದಾರರಿಗೆ ಕಡತವಿಲ್ಲವೆಂದು ಬರೆದೆ. ಕಡತವನ್ನು ಇದರೊಂದಿಗೆ ಸಲ್ಲಿಸುತ್ತಿದ್ದೇನೆ. ಅಜ್ಮತ್ ಅದನ್ನು ಒಮ್ಮೆ ಓದಿ, ಮೂವತ್ತು ವರ್ಷದಲ್ಲಿ ಇಷ್ಟು ಚಿಕ್ಕದು ಹೊಡೆದಿಲ್ಲ, ಒಂದು ಹಾಳೆಯಾದರೂ ತುಂಬಲಿ, ಅಕ್ಷರ ದೊಡ್ಡದು ಮಾಡಲೇ ಎಂದು ಕೇಳಿದ.

ಮುಂದಿನ ವಿಚಾರಣೆಯನ್ನು ಅವನು ನೋಡಲಿಲ್ಲ. ಪಂಚಾಯಿತಿಯ ಅರ್ಜಿ ವಜಾ ಆಯಿತೆಂದು ಅನಸೂಯಮ್ಮನೇ ಬಂದು ಹೇಳಿದಳು. ಅವಳು ಅಂಗಡಿಯಲ್ಲಿ ಕೂತು ನೋಡಿಕೊಂಡು ಬಂದಿದ್ದಳು. ಗೋವಿಂದಯ್ಯನ ಮೇಲೆ ಏನು ಕ್ರಮ ಎಂಬುದನ್ನು ಇಲಾಖೆ ಕಾನೂನಿನಂತೆ ನೋಡಲಿ ಎಂದರಂತೆ. ವರದಿಯ ನಕಲನ್ನು ನಸೀಮ್ ಬಾನುವಿಗೆ ಕೊಟ್ಟರೆ ಸಾಲದು, ವಾರದೊಳಗೆ ಪಂಚಾಯಿತಿಯ ನೋಟೀಸ್ ಬೋರ್ಡಿಗೆ ಹಾಕಬೇಕು ಎಂದೂ ಹೇಳಿದರಂತೆ. ಆಮೇಲಿನ ಕೆಲಸ ಬೇಗ ಬೇಗ ಆಯಿತು. ಕೆರೆಬೀದಿಯ ಟ್ಯಾಂಕಿಗೆ ಬೇರೆ ಬೋರ್‌ವೆಲ್ಲಿನ ಪೈಪು ಜೋಡಿಸಿದರು. ಹಳೆಯದರ ಮೋಟರು ಎತ್ತಲು ನಸೀಮಳ ಗಂಡ ಜುಲ್ಫಿಕರ್‌ನನ್ನೇ ಕರೆದರು. ಅವನು ಪೈಪುಗಳನ್ನು ಎಳೆದು ರಸ್ತೆಯ ಬದಿಯಲ್ಲಿ ಸಾಲಾಗಿ ಮಲಗಿಸಿದ್ದನ್ನು, ಒಳಗಿನ ಬಿಳಿ ಹಕ್ಕಳೆಯನ್ನು, ಜನ ಬಗ್ಗಿ ಬಗ್ಗಿ ನೋಡಿದರು.

ನೋಟೀಸ್ ಬೋರ್ಡಿಗೆ ವರದಿ ಹಾಕಿದ ದಿನ ಗೋವಿಂದಯ್ಯ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲೇ ನಡೆದು ಹೋದ. ದೂರದಿಂದ ನೋಡಿ ಬಂದುಬಿಡುವ ಯೋಚನೆ. ಬೋರ್ಡಿನ ಮುಂದೆ ಏಳೆಂಟು ಹೆಂಗಸರು ನಿಂತಿದ್ದರು, ಎಲ್ಲ ಕೆರೆಬೀದಿಯವರು. ಹಾಳೆ ಇಂಗ್ಲಿಷಿನಲ್ಲಿತ್ತು, ಅಂಕಿಗಳ ಪಟ್ಟಿ; ಪಕ್ಕದಲ್ಲಿ ಅವನ ಐದು ಸಾಲಿನ ಪ್ರಮಾಣಪತ್ರವನ್ನೂ ಯಾರೋ ಹಚ್ಚಿದ್ದರು. ಅವನು ತಿರುಗಿ ಹೊರಡಬೇಕೆನ್ನುವಾಗ ಚಿಕ್ಕಗಂಗಮ್ಮ ಅವನನ್ನು ಕಂಡಳು. ಜಾಗ ಬಿಡ್ರೇ, ಸೆಕ್ರೇಟ್ರಿ ಸ್ವಾಮಿ ಓದ್ತಾರೆ, ಅವ್ರಿಗೆ ಗೊತ್ತು ಎಂದಳು. ಅದರಲ್ಲಿ ಕುಹಕವಿದೆಯೇ ಎಂದು ಅವನು ಅವಳ ಮುಖ ನೋಡಿದ. ಇರಲಿಲ್ಲ, ನಿಜಕ್ಕೂ ಅವಳಿಗೆ ಓದುವವರು ಬೇಕಿತ್ತು. ಹೆಂಗಸರು ಸರಿದು ದಾರಿ ಮಾಡಿದರು. ಅವನು ಮುಂದೆ ಹೋಗಿ ಓದಿದ. ಒಂದೊಂದು ಸಾಲನ್ನೂ ಕನ್ನಡದ ಮಾತಿಗೆ ತಿರುಗಿಸಿ, ಇಷ್ಟಿರಬೇಕು, ಇಷ್ಟಿದೆ ಎಂದು ಹೇಳಿದ. ಕೊನೆಗೆ ಮೊಹರನ್ನೂ ಓದಿದ. ಮುಗಿಯಿತು ಎಂದುಕೊಂಡು ಅವನು ಕನ್ನಡಕ ತೆಗೆದ.

“ತಾರೀಕು ಓದಲಿಲ್ಲ,” ಎಂದಳು ಚಿಕ್ಕಗಂಗಮ್ಮ.

ಅವನು ಕನ್ನಡಕ ಮತ್ತೆ ಹಾಕಿಕೊಂಡು ಓದಿದ. ಎರಡು ಸಾವಿರದ ಹದಿನೇಳು, ಫೆಬ್ರವರಿ ಇಪ್ಪತ್ತಮೂರು. ಚಿಕ್ಕಗಂಗಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು, ಎರಡು ಸಲ.

“ನಮ್ ಸಿಂಧು ಆಗ ತೊಟ್ಲಲ್ಲಿದ್ಲು. ನೀವು ಆಗ ಇಲ್ಲೇ ಇದ್ರಾ?”

“ಇದ್ದೆ ಕಣಮ್ಮ.”

ಅವಳು ತಲೆಯಾಡಿಸಿದಳು. ಶಾಲೆ ಬಿಟ್ಟಿತ್ತು, ರಸ್ತೆಯ ಆಚೆಯಿಂದ ಎರಡು ಜಡೆಯ ಹುಡುಗಿಯೊಬ್ಬಳು ಚೀಲ ಹೊತ್ತು ಅಜ್ಜಿಯ ಕಡೆಗೆ ಬರುತ್ತಿದ್ದಳು. ಗುರುತಿನವರನ್ನು ಕಂಡು ನಕ್ಕವಳು, ಅಭ್ಯಾಸವಾಗಿ ಹೋದಂತೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಚಿಕ್ಕಗಂಗಮ್ಮ ಅವಳ ರಟ್ಟೆ ಹಿಡಿದು ಬೋರ್ಡಿನ ಮುಂದಕ್ಕೆ ತಂದು ನಿಲ್ಲಿಸಿದಳು.

“ಹಂಗಾದ್ರೆ ಮೊದಲಿಂದ ಓದಿ ಸ್ವಾಮಿ. ಇವ್ಳೂ ಕೇಳ್ಲಿ.”

ಗೋವಿಂದಯ್ಯ ಗಂಟಲು ಸರಿಮಾಡಿಕೊಂಡು, ಹುಡುಗಿಗೂ ಕಾಣುವಂತೆ ಸ್ವಲ್ಪ ಪಕ್ಕಕ್ಕೆ ಸರಿದು, ಮೇಲಿನ ಸಾಲಿನ ಮೇಲೆ ಬೆರಳಿಟ್ಟು ಮೊದಲಿನಿಂದ ಓದತೊಡಗಿದ.